ಇರುವೆ ಬಿತ್ತಿದ ಬೆಟ್ಟ

ಕೇಪ್‌ಟೌನ್‌ನ ನ್ಯೂಲ್ಯಾಂಡ್ಸ್ ಮೈದಾನದಲ್ಲಿ ಕ್ರಿಕೆಟ್ ಪಂದ್ಯ ನಡೆಯುವಾಗ ಟೀವಿ ಮುಂದೆ ಕುಳಿತವರಿಗೆಲ್ಲ ಆ ಬೆಟ್ಟದ ಪರಿಚಯ ಉಂಟು. ಓವರ್ ಮುಗಿದಾಗಲೊಮ್ಮೆ ಕ್ಯಾಮೆರಾ ಮೇಲಕ್ಕೆ ಹೊರಳುತ್ತದೆ. ಬೂದು ಬಣ್ಣದ ಬಂಡೆ, ಅದರ ಕೆಳಗೆ ಹಸಿರು. ಅದು ಟೇಬಲ್ ಮೌಂಟನ್. ಎತ್ತರ 1,086 ಮೀಟರ್, ನಮ್ಮ ಮುಳ್ಳಯ್ಯನಗಿರಿಯ ಮುಂದೆ ಕುಳ್ಳ. ದಕ್ಷಿಣ ಆಫ್ರಿಕಾದ ತಂಡವನ್ನು ವೀಕ್ಷಕ ವಿವರಣೆಗಾರರು 'ಪ್ರೋಟಿಯಾಸ್' ಎಂದು ಕರೆಯುವುದೂ ಕ್ರಿಕೆಟ್ ಪ್ರಿಯ ವಿದ್ಯಾರ್ಥಿಗಳಿಗೆ ಗೊತ್ತು. ಪ್ರೋಟಿಯಾ ಎಂಬುದು ಆ ನಾಡಿನ ರಾಷ್ಟ್ರೀಯ ಹೂವು. ಆದರೆ ಆ ಹೂವಿನ ಬಂಧುಬಳಗ ಆ ಬೆಟ್ಟದ ಮೇಲೆ ಹೇಗೆ ಉಳಿದು ಬಂದಿದೆ ಎಂದು ಕೇಳಿದರೆ ಉತ್ತರ ಹುಡುಕಲು ಕ್ಯಾಮೆರಾ ಸಾಲದು. ನೆಲಕ್ಕೆ ಮೊಣಕಾಲೂರಿ ಕೂರಬೇಕು. ಏಕೆಂದರೆ ಅಲ್ಲಿನ ಸಾವಿರಕ್ಕೂ ಹೆಚ್ಚು ಜಾತಿಯ ಗಿಡಗಳನ್ನು ಬಿತ್ತಿದ ರೈತ ಇರುವೆ.

ಆಫ್ರಿಕಾ ಖಂಡದ ನೈಋತ್ಯ ಮೂಲೆಯ ಈ ಪ್ರದೇಶದ ವಿಸ್ತೀರ್ಣ ಸುಮಾರು 90 ಸಾವಿರ ಚದರ ಕಿಲೋಮೀಟರ್. ಕರ್ನಾಟಕದ ಅರ್ಧಕ್ಕಿಂತ ಕಡಿಮೆ. ಅಷ್ಟರಲ್ಲೇ ಸುಮಾರು 9,000 ಜಾತಿಯ ಸಸ್ಯಗಳಿವೆ. ಅವುಗಳಲ್ಲಿ ಮೂರನೇ ಎರಡು ಪಾಲು ಜಗತ್ತಿನ ಬೇರೆಲ್ಲೂ ತಾವಾಗಿ ಬೆಳೆಯುವುದಿಲ್ಲ. 2004ರಲ್ಲಿ ಯುನೆಸ್ಕೊ ಇಲ್ಲಿನ ರಕ್ಷಿತ ಪ್ರದೇಶಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿದ್ದು ಇದೇ ಕಾರಣಕ್ಕೆ. ಹಾಗೆಂದು ಹೋದವರು ಆಗುಂಬೆಯಂಥ ದಟ್ಟ ಕಾಡನ್ನು ನಿರೀಕ್ಷಿಸಿದರೆ ನಿರಾಶೆ ಖಂಡಿತ. ಮರಗಳೇ ವಿರಳ. ಸೊಂಟದೆತ್ತರದ, ಕೆಲವೆಡೆ ಆಳೆತ್ತರದ ಪೊದೆಗಳು. ಗಟ್ಟಿಯಾದ ಸಣ್ಣ ಎಲೆಗಳು. ನಡುನಡುವೆ ಜೊಂಡಿನಂಥ ಹುಲ್ಲು. ಡಚ್ಚರು ಇದನ್ನು 'ನವಿರಾದ ಪೊದೆ' ಎಂಬ ಅರ್ಥ ಬರುವಂತೆ ಕರೆದರು. ಆ ಹೆಸರೇ ಇಂದು 'ಫೈನ್‌ಬಾಸ್' ಎಂದಾಗಿದೆ.

ಕೇಪ್‌ಟೌನ್‌ನಿಂದ ಆಗ್ನೇಯಕ್ಕೆ ಹೊರಟು ಗಾರ್ಡನ್ಸ್ ಬೇ ಎಂಬ ಊರು ದಾಟಿದರೆ ರಸ್ತೆ ಸಮುದ್ರಕ್ಕೂ ಬೆಟ್ಟಕ್ಕೂ ನಡುವೆ ನುಸುಳುತ್ತದೆ. ಬಲಕ್ಕೆ ನೀಲಿ ನೀರು, ಎಡಕ್ಕೆ ಕಡಿದಾದ ಮರಳುಗಲ್ಲಿನ ಇಳಿಜಾರು. ಮುಂದೆ ಬೆಟ್ಟೀಸ್ ಬೇ ಎಂಬಲ್ಲಿ ಪೆಂಗ್ವಿನ್‌ಗಳನ್ನು ನೋಡಲು ಪ್ರವಾಸಿಗರು ಗಾಡಿ ನಿಲ್ಲಿಸುತ್ತಾರೆ. ಪೆಂಗ್ವಿನ್ ನೋಡಿ ಹಿಂದಿರುಗುವವರೇ ಹೆಚ್ಚು. ಆದರೆ ಅವರ ಬೆನ್ನ ಹಿಂದೆ ಇರುವ ಕೋಗೆಲ್‌ಬರ್ಗ್ ಬೆಟ್ಟಸಾಲು ಫೈನ್‌ಬಾಸ್‌ನ ಹೃದಯ. 1998ರಲ್ಲಿ ಯುನೆಸ್ಕೊ ಇದನ್ನು ಜೀವಗೋಲ ಮೀಸಲು ಪ್ರದೇಶವೆಂದು ಗುರುತಿಸಿತು. ದಕ್ಷಿಣ ಆಫ್ರಿಕಾದಲ್ಲಿ ಇಂಥದ್ದು ಇದೇ ಮೊದಲನೆಯದು.

ಇಲ್ಲಿ ಪ್ರೋಟಿಯಾ ವಂಶದ ಹೂಗಳದೇ ದರ್ಬಾರು. ಗುಂಡುಸೂಜಿ ಚುಚ್ಚಿದ ಮೆತ್ತೆಯಂತೆ ಕಾಣುವ ಲ್ಯೂಕೋಸ್ಪರ್ಮಮ್, ಅಂತಸ್ತು ಅಂತಸ್ತಾಗಿ ಗೋಪುರದಂತೆ ಏರುವ ಮಿಮೆಟಿಸ್. ಎರಡನೆಯದಕ್ಕೆ ಇಂಗ್ಲಿಷಿನಲ್ಲಿ ಪಗೋಡ ಎಂದೇ ಹೆಸರು. ಇವೆಲ್ಲ ಪರದೇಶದ ಗಿಡಗಳೆಂದು ದೂರ ಇಡಬೇಕಿಲ್ಲ. ಕೊಡಗು, ಚಿಕ್ಕಮಗಳೂರಿನ ಕಾಫಿ ತೋಟಗಳಲ್ಲಿ ನೆರಳಿಗೆಂದು ಬೆಳೆಸುವ ಸಿಲ್ವರ್ ಓಕ್ ಮರ ಆಸ್ಟ್ರೇಲಿಯದಿಂದ ಬಂದದ್ದು. ಅದೂ ಇದೇ ವಂಶದ ಕುಡಿ. ಸಿಲ್ವರ್ ಓಕ್‌ನ ಬೀಜಕ್ಕೆ ರೆಕ್ಕೆ ಉಂಟು, ಗಾಳಿಯಲ್ಲಿ ಹಾರಿ ಹೋಗುತ್ತದೆ. ಪಗೋಡ ಹೂವಿನ ಬೀಜಕ್ಕೆ ರೆಕ್ಕೆ ಇಲ್ಲ. ಅದು ತಾಯಿಗಿಡದ ಬುಡದಲ್ಲೇ ದಪ್ಪನೆ ಬೀಳುತ್ತದೆ. ಬಿದ್ದಲ್ಲಿಂದ ಕಥೆ ಶುರು.

ಬೀಜದ ಒಂದು ತುದಿಯಲ್ಲಿ, ಕೆಲವು ಜಾತಿಗಳಲ್ಲಿ ಬೀಜದ ಮೈ ತುಂಬ, ಮೇಣದಂಥ ಬಿಳಿಯ ಮೆತ್ತನೆ ಭಾಗವಿರುತ್ತದೆ. ಅದರಲ್ಲಿ ಕೊಬ್ಬು ಹೇರಳ. ಸ್ವೀಡನ್ನಿನ ಸಸ್ಯವಿಜ್ಞಾನಿ ರುಟ್ಗರ್ ಸೆರ್ನಾಂಡರ್ 1906ರಲ್ಲಿ ಇದಕ್ಕೆ 'ಎಲಿಯೋಸೋಮ್' ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಎಣ್ಣೆಯ ದೇಹ ಎಂದರ್ಥ. ಎಣ್ಣೆಗಂಟು ಎಂದುಕೊಂಡರೆ ಸಾಕು. ಇದನ್ನು ನೋಡಲು ಆಫ್ರಿಕಾಕ್ಕೆ ಹೋಗಬೇಕಾಗಿಯೂ ಇಲ್ಲ. ನಮ್ಮ ಹರಳು ಬೀಜವನ್ನು, ಅಂದರೆ ಔಡಲವನ್ನು, ಕೈಗೆತ್ತಿಕೊಂಡು ನೋಡಿ. ಚುಕ್ಕಿ ಚುಕ್ಕಿಯ ನುಣುಪು ಸಿಪ್ಪೆ, ಒಂದು ತುದಿಯಲ್ಲಿ ಬಿಳಿಯ ಸಣ್ಣ ಗಂಟು. ಅದೂ ಎಣ್ಣೆಗಂಟೇ; ಹರಳಿನ ತವರೂ ಆಫ್ರಿಕಾವೇ. ಹೊಸದಾಗಿ ಉದುರಿದ ನಾಲ್ಕು ಬೀಜಗಳನ್ನು ಇರುವೆ ಸಾಲಿನ ಪಕ್ಕದಲ್ಲಿಟ್ಟು, ಇನ್ನು ನಾಲ್ಕರ ಗಂಟನ್ನು ಉಗುರಿನಿಂದ ಕಿತ್ತು ಅಲ್ಲೇ ಇಟ್ಟು, ಯಾವುದರ ಸುತ್ತ ಇರುವೆಗಳು ಮುತ್ತುತ್ತವೆ ಎಂದು ಮಕ್ಕಳು ಗಡಿಯಾರ ಹಿಡಿದು ಕಾದು ನೋಡಬಹುದು. (ಹರಳು ಬೀಜ ಕಡು ವಿಷ. ಬಾಯಿಗೆ ಹಾಕಬಾರದು, ಮುಗಿದ ಮೇಲೆ ಕೈ ತೊಳೆಯಬೇಕು. ಪುಟ್ಟ ಮಕ್ಕಳಿದ್ದ ಮನೆಯಲ್ಲಿ ಈ ಪ್ರಯೋಗ ದೊಡ್ಡವರ ಎದುರಿಗೇ ನಡೆಯಲಿ.)

ಎಣ್ಣೆಗಂಟಿನ ವಾಸನೆಯಲ್ಲಿ ಒಂದು ಜಾಣತನ ಅಡಗಿದೆ. ಅದರಲ್ಲಿರುವ ಓಲಿಯಿಕ್ ಆಮ್ಲ ಮತ್ತು ಅದರ ಸಂಬಂಧಿ ಕೊಬ್ಬುಗಳು ಸತ್ತ ಕೀಟದ ದೇಹದಲ್ಲೂ ಇರುತ್ತವೆ. ಬೇಟೆಯಾಡಿ ತಿನ್ನುವ ಇರುವೆಗೆ ಬೀಜ ಮುಟ್ಟಿದಾಗ ಅದು ಬೀಜವೆಂದು ಅನ್ನಿಸುವುದಿಲ್ಲ, ಸತ್ತ ಹುಳದಂತೆ ಅನ್ನಿಸುತ್ತದೆ. ಹುಳ ಸಿಕ್ಕರೆ ಇರುವೆ ಏನು ಮಾಡುತ್ತದೆ? ಮನೆಗೆ ಎಳೆದುಕೊಂಡು ಹೋಗುತ್ತದೆ, ಮರಿಗಳಿಗೆ ಉಣಿಸಲು. ಇದೇ ಓಲಿಯಿಕ್ ಆಮ್ಲವನ್ನು ಬದುಕಿರುವ ಇರುವೆಯ ಮೈಗೆ ಸವರಿದರೆ ಉಳಿದ ಇರುವೆಗಳು ಅದನ್ನು ಹೆಣವೆಂದೇ ತಿಳಿದು ಹೊತ್ತು ಹೊರಗೆ ಹಾಕುವುದನ್ನು ಅಮೆರಿಕದ ಎಡ್ವರ್ಡ್ ವಿಲ್ಸನ್ ಮತ್ತು ಅವರ ಸಂಗಡಿಗರು 1958ರಲ್ಲಿ ತೋರಿಸಿದ್ದರು. ಪಾಪ, ಕಾಲು ಝಾಡಿಸುತ್ತ ಇದ್ದರೂ ಬಿಡುವುದಿಲ್ಲವಂತೆ!

ಕೇಪ್ ಬೆಟ್ಟಗಳಲ್ಲಿ ಈ ಕೆಲಸಕ್ಕೆ ಮುಂದಾಗುವ ಇರುವೆಗಳಲ್ಲಿ ಮುಖ್ಯವಾದದ್ದು ಅನೊಪ್ಲೊಲೆಪಿಸ್ ಕಸ್ಟೋಡಿಯೆನ್ಸ್. ಆಫ್ರಿಕಾನ್ಸ್ ಭಾಷೆಯಲ್ಲಿ 'ಮಾಲ್‌ಮೀರ್', ಹುಚ್ಚಿರುವೆ. ಅತ್ತಿಂದಿತ್ತ ಓಡುವ ಅದರ ಚಾಳಿಗೆ ಹೆಸರು ಒಪ್ಪುತ್ತದೆ. ದಪ್ಪ ತಲೆಯ ಸೈನಿಕರಿರುವ ಫೀಡೋಲೆ ಇರುವೆಯೂ ಜೊತೆಗುಂಟು. ಬೀಜ ನೆಲಕ್ಕೆ ಬಿದ್ದ ಕೆಲವೇ ನಿಮಿಷಗಳಲ್ಲಿ ಒಂದು ಇರುವೆ ಬಂದು ಎಣ್ಣೆಗಂಟನ್ನು ಕಚ್ಚಿ ಹಿಡಿಯುತ್ತದೆ. ಗಂಟೇ ಹಿಡಿಕೆ. ತನಗಿಂತ ಎಷ್ಟೋ ಭಾರದ ಬೀಜವನ್ನು ಹಿಂದೆ ಹಿಂದೆ ನಡೆಯುತ್ತ ಎಳೆದು ಗೂಡಿಗೆ ಒಯ್ಯುತ್ತದೆ. ಒಳಗೆ ಗಂಟನ್ನು ತಿಂದು ಮುಗಿಸಿದ ಮೇಲೆ ಉಳಿಯುವುದು ನುಣುಪಾದ, ಗಟ್ಟಿ ಸಿಪ್ಪೆಯ ಬೀಜ. ಅದನ್ನು ಒಡೆಯಲು ಇರುವೆಯ ದವಡೆಗೆ ಬಲವಿಲ್ಲ. ಹೊರಗೆ ಸಾಗಿಸೋಣವೆಂದರೆ ಹಿಡಿಯಲು ಹಿಡಿಕೆಯೂ ಇಲ್ಲ. ಹಾಗಾಗಿ ಬೀಜ ಅಲ್ಲೇ, ಮಣ್ಣಿನಡಿಯ ಕೋಣೆಯಲ್ಲಿ ಉಳಿದುಬಿಡುತ್ತದೆ.

ಬೀಜ ಪ್ರಸಾರವೆಂದರೆ ದೂರಕ್ಕೆ ಹೋಗುವುದು ಎಂದು ಪಠ್ಯಪುಸ್ತಕ ಹೇಳುತ್ತದೆ. ಇರುವೆ ಸಾಗಿಸುವ ದೂರವೆಷ್ಟು? ಸರಾಸರಿ ಒಂದೆರಡು ಮೀಟರ್! ಇಷ್ಟಕ್ಕಾಗಿ ಗಿಡ ಎಣ್ಣೆ ಖರ್ಚು ಮಾಡಬೇಕೇ ಎಂದು ಯಾರಿಗಾದರೂ ಅನ್ನಿಸೀತು. ಇಲ್ಲಿ ಲೆಕ್ಕ ಹಾಕಬೇಕಾದದ್ದು ದೂರವನ್ನಲ್ಲ, ಆಳವನ್ನು.

ಫೈನ್‌ಬಾಸ್ ಇರುವುದೇ ಉರಿಯಲು. ಮಳೆ ಬೀಳುವುದು ಚಳಿಗಾಲದಲ್ಲಿ, ಮೇ ತಿಂಗಳಿನಿಂದ ಆಗಸ್ಟ್‌ವರೆಗೆ. ಬೇಸಿಗೆ ಡಿಸೆಂಬರ್‌ನಲ್ಲಿ, ಒಣಗಾಳಿಯ ಜೊತೆಗೆ. ಹತ್ತು, ಹದಿನೈದು, ಇಪ್ಪತ್ತು ವರ್ಷಗಳಿಗೊಮ್ಮೆ ಒಂದೊಂದು ಇಳಿಜಾರೂ ಹೊತ್ತಿಕೊಂಡು ಬೂದಿಯಾಗುತ್ತದೆ. ಹಲವು ಜಾತಿಯ ಪೊದೆಗಳು ಆ ಬೆಂಕಿಯಲ್ಲಿ ಬೇರುಸಹಿತ ಸಾಯುತ್ತವೆ. ಮೇಲ್ಮಣ್ಣಿನಲ್ಲಿ ಬಿದ್ದಿದ್ದ ಬೀಜ ಹುರಿದು ಹೋಗುತ್ತದೆ. ಹುರಿಯದಿದ್ದರೂ ಉಳಿಯುವುದು ಕಷ್ಟ. ಪಟ್ಟೆ ಇಲಿಗಳು ಬೆಂಕಿ ಬರುವ ಎಷ್ಟೋ ಮೊದಲೇ ಹುಡುಕಿ ತಿಂದಿರುತ್ತವೆ. ಕೆಲವು ಸೆಂಟಿಮೀಟರ್ ಕೆಳಗೆ ಇರುವೆ ಗೂಡಿನಲ್ಲಿರುವ ಬೀಜಕ್ಕೆ ಇಲಿಯ ಕಾಟವಿಲ್ಲ, ಉರಿಯ ಪೆಟ್ಟೂ ಇಲ್ಲ. ಬೆಂಕಿ ಆರಿದ ಮೇಲೆ ನೆಲಕ್ಕೆ ನೆರಳು ಇರುವುದಿಲ್ಲ. ಮಣ್ಣು ಹಗಲು ಕಾಯುತ್ತದೆ, ರಾತ್ರಿ ತಣ್ಣಗಾಗುತ್ತದೆ. ಆ ಏರಿಳಿತವೇ ಬೀಜಕ್ಕೆ ಸೂಚನೆ: ಮೇಲೆ ಜಾಗ ಖಾಲಿಯಾಗಿದೆ, ಏಳು ಎಂದು. ಇನ್ನು ಕೆಲವು ಜಾತಿಗಳಿಗೆ ಹೊಗೆಯೇ ಸೂಚನೆ. ಇದನ್ನು 1990ರಲ್ಲಿ ದ ಲಾಂಗೆ ಮತ್ತು ಬೌಚರ್ ಎಂಬ ಇಬ್ಬರು ಕಂಡುಹಿಡಿದ ಮೇಲೆ ಬೀಜಕ್ಕೆ ಹೊಗೆ ಹಾಕಿ ಮೊಳೆಸುವುದು ಅಲ್ಲಿನ ತೋಟಗಾರರಿಗೆ ಮಾಮೂಲಾಯಿತು.

ಇಂಥ ಬೀಜ ಎಷ್ಟು ಕಾಲ ಕಾಯಬಲ್ಲದು? 1803ರಲ್ಲಿ ಯಾನ್ ಟೇರ್‌ಲಿಂಕ್ ಎಂಬ ಡಚ್ ವ್ಯಾಪಾರಿ ಕೇಪ್‌ನಲ್ಲಿ ಕೆಲವು ಬೀಜಗಳನ್ನು ಸಂಗ್ರಹಿಸಿ, ಪುಟ್ಟ ಕಾಗದದ ಪೊಟ್ಟಣಗಳಲ್ಲಿ ಕಟ್ಟಿ, ಚರ್ಮದ ಹೊದಿಕೆಯ ಪುಸ್ತಕದಲ್ಲಿ ಇಟ್ಟುಕೊಂಡಿದ್ದ. ಅವನಿದ್ದ ಹಡಗನ್ನು ಬ್ರಿಟಿಷರು ಹಿಡಿದರು. ಕಾಗದಪತ್ರಗಳ ಜೊತೆಗೆ ಆ ಪುಸ್ತಕವೂ ಲಂಡನ್ನಿನ ದಾಸ್ತಾನು ಸೇರಿ ಎರಡು ಶತಮಾನ ಮಲಗಿತು. ಅದು ಸಿಕ್ಕಿದ್ದು 2005ರಲ್ಲಿ. ಕ್ಯೂ ಉದ್ಯಾನದ ಬೀಜ ಭಂಡಾರದವರು 32 ಜಾತಿಗಳ ಆ ಬೀಜಗಳನ್ನು ಮೊಳೆಸಲು ನೋಡಿದಾಗ ಮೂರು ಜಾತಿಯವು ಚಿಗುರಿದವು. ಮೂರರಲ್ಲಿ ಒಂದು ಸೂಜಿಮೆತ್ತೆಯ ಹೂವಿನ ಲ್ಯೂಕೋಸ್ಪರ್ಮಮ್, ಇರುವೆ ಬಿತ್ತುವ ಗಿಡ. ಅದು ಮಣ್ಣಿನಲ್ಲಿ ಅಲ್ಲ, ಒಣ ಕಾಗದದಲ್ಲಿ ಕಾದದ್ದು ನಿಜ. ಆದರೆ ಮಣ್ಣಿನೊಳಗೆ ಕಾದ ಉದಾಹರಣೆಯೂ ಕೋಗೆಲ್‌ಬರ್ಗ್‌ನಲ್ಲೇ ಇದೆ. ಥಾಮಸ್ ಸ್ಟೋಕೋ ಎಂಬ ಪರ್ವತಾರೋಹಿ 1920ರ ದಶಕದಲ್ಲಿ ಅಲ್ಲಿ ಒಂದು ಹೊಸ ಪಗೋಡ ಗಿಡವನ್ನು ಕಂಡುಹಿಡಿದರು. ಅವರ ಹೆಸರೇ ಅದಕ್ಕೆ ಬಂತು, ಮಿಮೆಟಿಸ್ ಸ್ಟೋಕೊಯಿ. ಬಳಿಕ ಆ ಗಿಡಗಳು ಸತ್ತು, ಜಾತಿಯೇ ಅಳಿಯಿತೆಂದು ಪುಸ್ತಕಗಳಲ್ಲಿ ಬರೆದಿದ್ದೂ ಆಯಿತು. 1999ರ ಕೊನೆಯಲ್ಲಿ ಆ ಜಾಗಕ್ಕೆ ಕಾಡ್ಗಿಚ್ಚು ಬಿತ್ತು. ಮಳೆಯಾದ ಮೇಲೆ ಹೋಗಿ ನೋಡಿದರೆ ಬೂದಿಯ ನಡುವೆ ಅದೇ ಜಾತಿಯ ಸಸಿಗಳು! ನೆಲದ ಮೇಲೆ ಒಂದು ಗಿಡವೂ ಇಲ್ಲದೆ ದಶಕಗಳು ಕಳೆದಿದ್ದವು. ವಂಶ ಮಾತ್ರ ಕೆಳಗೆ ಕಾಯುತ್ತಿತ್ತು.

ಕುದುರೆ ಮೇವಿನ ಜೊತೆ ಬಂದವರು

ಇಷ್ಟು ಕಾಲ ನಡೆದುಬಂದ ವ್ಯವಸ್ಥೆಗೆ ಪೆಟ್ಟು ಬಿದ್ದದ್ದು ಎರಡು ಮೂರು ಮಿಲಿಮೀಟರ್ ಉದ್ದದ ಕಂದು ಇರುವೆಯಿಂದ. ಇದರ ತವರು ದಕ್ಷಿಣ ಅಮೆರಿಕದ ಪರಾನಾ ನದಿಯ ಬಯಲು. ಹೆಸರು ಅರ್ಜೆಂಟೀನಾ ಇರುವೆ. 1899ರಿಂದ 1902ರವರೆಗೆ ನಡೆದ ಬೋಯರ್ ಯುದ್ಧದ ಕಾಲದಲ್ಲಿ ಬ್ರಿಟಿಷ್ ಸೇನೆಯ ಕುದುರೆಗಳಿಗೆಂದು ದಕ್ಷಿಣ ಅಮೆರಿಕದಿಂದ ತರಿಸಿದ ಮೇವಿನಲ್ಲಿ ಇದು ಕೇಪ್‌ಗೆ ಬಂತೆಂಬುದು ಸಾಮಾನ್ಯ ನಂಬಿಕೆ. ಯುದ್ಧ ಮುಗಿಯಿತು, ಕುದುರೆಗಳು ಹೋದವು, ಇರುವೆ ಉಳಿಯಿತು.

ಈ ಇರುವೆಯ ಸಂಸಾರವೇ ಬೇರೆ. ಒಂದು ಗೂಡಿನಲ್ಲಿ ಹಲವು ರಾಣಿಯರು. ಹೊಸ ರಾಣಿ ನಮ್ಮ ಮಳೆಗಾಲದ ಇರುವೆಗಳಂತೆ ರೆಕ್ಕೆ ಬಿಚ್ಚಿ ಹಾರಿ ಹೋಗುವುದಿಲ್ಲ. ಗೂಡಿನಲ್ಲೇ ಕೂಡಿ, ಒಂದಷ್ಟು ಕೆಲಸಗಾರರನ್ನು ಕರೆದುಕೊಂಡು ಪಕ್ಕಕ್ಕೆ ನಡೆದು ಬೇರೆ ಮನೆ ಹೂಡುತ್ತದೆ. ವಲಸೆ ಹೋದ ನಾಡುಗಳಲ್ಲಿ ಇವುಗಳ ಗೂಡು ಗೂಡಿನ ನಡುವೆ ಜಗಳವೂ ಇಲ್ಲ. ಯೂರೋಪಿನ ದಕ್ಷಿಣ ಕರಾವಳಿಯಲ್ಲಿ ಇಟಲಿಯಿಂದ ಸ್ಪೇನ್‌ವರೆಗೆ ಸುಮಾರು 6,000 ಕಿಲೋಮೀಟರ್ ಉದ್ದಕ್ಕೆ ಹಬ್ಬಿದ ಇವು ಒಂದನ್ನೊಂದು ಮನೆಯವರೆಂದೇ ಗುರುತಿಸುತ್ತವೆ ಎಂದು 2002ರಲ್ಲಿ ಪ್ರಕಟವಾಯಿತು. ತಮ್ಮೊಳಗೆ ಕಾದಾಡದವರು ಪರರ ಮೇಲೆ ಬಿದ್ದರೆ ಕೇಳಬೇಕೇ? ಸ್ಥಳೀಯ ಹುಚ್ಚಿರುವೆ ದೊಡ್ಡದು, ಜಗಳಗಂಟಿ. ಆದರೂ ಸಂಖ್ಯೆಯ ಮುಂದೆ ಸೋತು ಹಿಮ್ಮೆಟ್ಟಿತು. ಕೇಪ್‌ನ ದ್ರಾಕ್ಷಿ ತೋಟದವರಿಗೂ ಅರ್ಜೆಂಟೀನಾ ಇರುವೆ ತಲೆನೋವು. ಬಳ್ಳಿಯ ರಸ ಹೀರುವ ಹಿಟ್ಟುತಿಗಣೆಗಳ ಸಿಹಿ ಸ್ರಾವಕ್ಕಾಗಿ ಅದು ಆ ತಿಗಣೆಗಳನ್ನು ದನ ಕಾದಂತೆ ಕಾಯುತ್ತದೆ. ತೋಟದ ನಷ್ಟವನ್ನು ಲೆಕ್ಕ ಹಾಕಲು ಜನರಿದ್ದರು, ಬೆಟ್ಟದ ನಷ್ಟವನ್ನು ಕೇಳುವವರು ಬಹುಕಾಲ ಇರಲಿಲ್ಲ.

ಕೇಳಿದವರು ಇಬ್ಬರು: ಪರಿಸರ ವಿಜ್ಞಾನಿ ವಿಲಿಯಂ ಬಾಂಡ್ ಮತ್ತು ನಕ್ಷೆ ತಯಾರಕರಾಗಿ ಹೆಸರು ಮಾಡಿದ, ಇರುವೆಗಳ ಬೆನ್ನು ಹತ್ತಿದ ಪೀಟರ್ ಸ್ಲಿಂಗ್ಸ್‌ಬಿ. ಅರ್ಜೆಂಟೀನಾ ಇರುವೆ ಹೊಕ್ಕ ಜಾಗದಲ್ಲೂ ಹೊಗದ ಜಾಗದಲ್ಲೂ ಪಗೋಡ ಹೂವಿನ ಒಂದು ಜಾತಿಯ ಬೀಜಗಳನ್ನಿಟ್ಟು ಅವರು ಗಮನಿಸಿದರು. ಹೊಸ ಇರುವೆ ಬೀಜವನ್ನು ಪತ್ತೆ ಮಾಡುವುದೇ ನಿಧಾನ. ಮಾಡಿದರೂ ಎಳೆಯುವ ಶಕ್ತಿ ಇಲ್ಲ. ಎಣ್ಣೆಗಂಟಿನ ರುಚಿ ಮಾತ್ರ ಗೊತ್ತು! ಬೀಜ ಬಿದ್ದಲ್ಲೇ ಸುತ್ತ ಕೂತು ಗಂಟನ್ನು ತಿಂದು, ಬೀಜವನ್ನು ಬಯಲಲ್ಲೇ ಬಿಟ್ಟು ಹೋಗುತ್ತದೆ. ಕೂಲಿ ಪಡೆದು ಕೆಲಸ ಮಾಡದೆ ಹೋದ ಹಾಗೆ. 1984ರಲ್ಲಿ ಅವರು ಪ್ರಕಟಿಸಿದ ಅಂಕಿಗಳು ಹೀಗಿವೆ: ಸ್ಥಳೀಯ ಇರುವೆಗಳಿದ್ದ ಕಡೆ ನೂರಕ್ಕೆ 35.3 ಬೀಜಗಳು ಸಸಿಯಾದವು. ಅರ್ಜೆಂಟೀನಾ ಇರುವೆ ಇದ್ದ ಕಡೆ ನೂರಕ್ಕೆ 0.7. ಐವತ್ತು ಪಟ್ಟು ಇಳಿತ.

ಪೋಷಕರು ಮಕ್ಕಳಿಗೆ ಈ ಅಂಕಿಯನ್ನು ಬಿಡಿಸಿ ಹೇಳಬಹುದು. ಹೆಚ್ಚು ಮೊಳೆತ ಕಡೆಯಲ್ಲೂ ಮೂರರಲ್ಲಿ ಎರಡು ಬೀಜ ನಷ್ಟವೇ. ಪ್ರಕೃತಿಯಲ್ಲಿ ಅಷ್ಟು ನಷ್ಟಕ್ಕೆ ಗಿಡ ತಯಾರಾಗಿಯೇ ಇರುತ್ತದೆ. ಎರಡನೆಯ ಅಂಕಿಗೆ ಯಾವ ಗಿಡವೂ ತಯಾರಾಗಿರುವುದಿಲ್ಲ.

ವಿಚಿತ್ರವೆಂದರೆ ಇಂಥ ಬೆಟ್ಟವನ್ನು ದೂರದಿಂದ ನೋಡಿದವರಿಗೆ ಏನೂ ತಿಳಿಯುವುದಿಲ್ಲ. ಪೊದೆಗಳು ಹಸಿರಾಗಿವೆ, ಹೂ ಬಿಟ್ಟಿವೆ, ಮಕರಂದಕ್ಕೆ ಸೂರಕ್ಕಿಗಳು ಬರುತ್ತವೆ, ಬೀಜವೂ ಕಟ್ಟುತ್ತದೆ. ನೆಲದೊಳಗಿನ ಕಣಜ ಮಾತ್ರ ವರ್ಷದಿಂದ ವರ್ಷಕ್ಕೆ ಬರಿದಾಗುತ್ತದೆ. ಅದು ಗೊತ್ತಾಗುವುದು ಮುಂದಿನ ಬೆಂಕಿ ಬಿದ್ದ ಮೇಲೆ. ಅಮೆರಿಕದ ಕ್ಯಾರೊಲೈನ್ ಕ್ರಿಸ್ಚಿಯನ್ ಬೆಂಕಿ ಬಿದ್ದ ಫೈನ್‌ಬಾಸ್‌ನಲ್ಲಿ ಸಸಿಗಳನ್ನು ಎಣಿಸಿ 2001ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಬರೆದದ್ದು ಇದನ್ನೇ. ಅರ್ಜೆಂಟೀನಾ ಇರುವೆ ಬಂದ ಕಡೆ ದೊಡ್ಡ ಬೀಜದ ಗಿಡಗಳು ಬಹಳವಾಗಿ ಕಡಿಮೆಯಾಗಿದ್ದವು. ಸಣ್ಣ ಬೀಜದವು ಅಷ್ಟಾಗಿ ಅಲ್ಲ. ಕಾರಣ ಸರಳ. ಆಕ್ರಮಣಕಾರನ ಎದುರು ಓಡಿಹೋದವು ದೊಡ್ಡ ಇರುವೆಗಳು, ಸಣ್ಣ ಬೀಜ ಸಾಗಿಸುವ ಕೆಲವು ಸಣ್ಣ ಇರುವೆಗಳು ಹೇಗೋ ಸಹಿಸಿಕೊಂಡು ಉಳಿದಿದ್ದವು. ದೊಡ್ಡ ಬೀಜ ಹೊರಲು ದೊಡ್ಡ ಇರುವೆಯೇ ಬೇಕು.

ಜಗತ್ತಿನಲ್ಲಿ ಒಟ್ಟು ಇರುವೆಗಳು ಎಷ್ಟಿವೆ ಎಂದು 2022ರಲ್ಲಿ ಒಂದು ಅಂದಾಜು ಬಂತು: 20ರ ಮುಂದೆ 15 ಸೊನ್ನೆ ಬರೆದರೆ ಎಷ್ಟಾಗುತ್ತದೋ ಅಷ್ಟು. ಈ ಸಂಖ್ಯೆ ಕೇಳಿ ಇರುವೆಗೇನು ಬರ ಎನ್ನುವವರಿದ್ದಾರೆ. ಕೇಪ್ ಬೆಟ್ಟದಲ್ಲೂ ಇರುವೆಗೆ ಬರವಿಲ್ಲ. ಅರ್ಜೆಂಟೀನಾ ಇರುವೆ ಹೊಕ್ಕ ಕಡೆ ಎಲ್ಲಿ ಕಲ್ಲು ಎತ್ತಿದರೂ ಅದೇ. ಇಲ್ಲದಿರುವುದು ಬೀಜ ಹೊರುವ ಇರುವೆ.

ನೀಲಿ ಚಿಟ್ಟೆಯ ಗತಿ

ಇರುವೆಯನ್ನು ನಂಬಿದ್ದು ಗಿಡಗಳು ಮಾತ್ರವಲ್ಲ. ಕೇಪ್‌ಟೌನ್‌ನಿಂದ ಸುಮಾರು 500 ಕಿಲೋಮೀಟರ್ ಪೂರ್ವಕ್ಕೆ, ನೈಸ್ನಾ ಎಂಬ ಕಡಲತೀರದ ಊರಿನ ಬಳಿ ಬ್ರೆಂಟನ್ ಬ್ಲೂ ಎಂಬ ಪುಟ್ಟ ಚಿಟ್ಟೆ ಇತ್ತು. ಇದರ ಮರಿಹುಳು ತಿನ್ನುವುದು ನಮ್ಮ ನೀಲಿ ಗಿಡದ ಕುಲಕ್ಕೆ ಸೇರಿದ ಒಂದೇ ಒಂದು ಸಸ್ಯವನ್ನು. ಮೊದಲು ಎಲೆ ತಿಂದು, ಆಮೇಲೆ ನೆಲಕ್ಕಿಳಿದು ಬೇರನ್ನು ಕೊರೆಯುತ್ತದೆ. ಅಲ್ಲಿ ಅದನ್ನು ಕಾಯುವುದು ಗೊದ್ದದ ಕುಲದ ಒಂದು ಇರುವೆ, ಮರಿಹುಳು ಕೊಡುವ ಸಿಹಿಗಾಗಿ. ಒಂದು ಸಸ್ಯ, ಒಂದು ಇರುವೆ, ಎರಡೂ ಕೂಡಿದ ಒಂದು ಜಾಗ. ಮೂರೂ ಇದ್ದರೆ ಚಿಟ್ಟೆ. 1862ರಲ್ಲಿ ರೋಲಂಡ್ ಟ್ರೈಮನ್ ವಿವರಿಸಿದ ಈ ಚಿಟ್ಟೆ ಮತ್ತೆ ಸಿಕ್ಕಲು ನೂರಕ್ಕೂ ಹೆಚ್ಚು ವರ್ಷ ಬೇಕಾಯಿತು. 1991ರಲ್ಲಿ ಬ್ರೆಂಟನ್ ಬಡಾವಣೆಯ ಪಕ್ಕದಲ್ಲಿ ಕಂಡಾಗ ಅಲ್ಲಿ ಮನೆ ನಿವೇಶನಗಳ ಯೋಜನೆ ಇತ್ತು. ಜನ ಹೋರಾಡಿದರು. 2003ರಲ್ಲಿ ಆ ತುಂಡು ನೆಲ ಚಿಟ್ಟೆಗೆಂದೇ ಮೀಸಲಾಯಿತು. 2017ರ ಜೂನ್‌ನಲ್ಲಿ ನೈಸ್ನಾದ ಮಹಾ ಕಾಡ್ಗಿಚ್ಚು ಊರನ್ನೂ ಸುಟ್ಟಿತು, ಮೀಸಲು ನೆಲವನ್ನೂ ಸುಟ್ಟಿತು. ನಂತರದ ವರ್ಷಗಳ ಹುಡುಕಾಟದಲ್ಲಿ ಚಿಟ್ಟೆ ಸಿಗದೆ, ಅದು ಅಳಿದೇ ಹೋಗಿರಬಹುದೆಂಬ ಭಯ ಹುಟ್ಟಿದೆ. ಬೆಂಕಿಯನ್ನು ಬೇಡುವ ನಾಡಿನಲ್ಲೇ ಬೆಂಕಿಗೆ ಅದು ಬಲಿಯಾಯಿತೇ? ಒಂದೇ ಜಾಗಕ್ಕೆ ಒತ್ತಿ ಇರಿಸಿದ ಜೀವಿಗೆ, ಸುಟ್ಟ ಮೇಲೆ ಮರಳಿ ಬರಲು ಪಕ್ಕದಲ್ಲಿ ಇನ್ನೊಂದು ಜಾಗ ಉಳಿದಿರಲಿಲ್ಲ.

ಕೇಪ್ ನಾಡಿನ ಬೀಜಗಳ ಕಿಲಾಡಿತನಕ್ಕೆ ಇನ್ನೊಂದು ಉದಾಹರಣೆ ಹೇಳದೆ ಮುಂದೆ ಹೋಗಲಾಗದು. ಜೊಂಡಿನ ಜಾತಿಯ ಒಂದು ಗಿಡದ ಕಾಯಿ ದುಂಡಗೆ, ಕಂದಾಗಿ, ಜಿಂಕೆ ಜಾತಿಯ ಪ್ರಾಣಿಗಳ ಹಿಕ್ಕೆಯ ಹಾಗೆಯೇ ಇರುತ್ತದೆ, ವಾಸನೆಯೂ ಹಾಗೆಯೇ. ಸಗಣಿ ಹುಳು ಅದನ್ನು ಉರುಳಿಸಿಕೊಂಡು ಹೋಗಿ ಹೂಳುತ್ತದೆ. ಹೂತ ಮೇಲೆ ತಿನ್ನಲೂ ಆಗದು, ಮೊಟ್ಟೆಯಿಡಲೂ ಆಗದು. ಇದು 2015ರಲ್ಲಿ ಬೆಳಕಿಗೆ ಬಂತು. ಇರುವೆಗೆ ಎಣ್ಣೆಯಾದರೂ ಸಿಗುತ್ತದೆ, ಸಗಣಿ ಹುಳುವಿಗೆ ಬರೀ ಮೋಸ.

ಅರ್ಜೆಂಟೀನಾ ಇರುವೆಯನ್ನು ಬೆಟ್ಟದಿಂದ ಓಡಿಸಲು ಸುಲಭದ ಮದ್ದಿಲ್ಲ. ವಿಷ ಹಾಕಿದರೆ ಸ್ಥಳೀಯ ಇರುವೆಯೂ ಸಾಯುತ್ತದೆ. ಸಮಾಧಾನದ ಸಂಗತಿಯೆಂದರೆ, ಹಾರಲಾರದ ಈ ಇರುವೆ ತಾನಾಗಿ ಹೋಗುವ ವೇಗ ಕಡಿಮೆ. ದೂರದ ಹಾರಿಕೆಯೆಲ್ಲ ಮನುಷ್ಯನ ಸಾಮಾನಿನ ಜೊತೆ, ಕುಂಡದ ಮಣ್ಣಿನ ಜೊತೆ, ಬುತ್ತಿಯ ಜೊತೆ. ಹಾಗಾಗಿ ದಾರಿಯಿಂದ, ಮನೆಗಳಿಂದ, ವನಭೋಜನದ ತಾಣಗಳಿಂದ ದೂರವಿರುವ ಇಳಿಜಾರುಗಳಲ್ಲಿ ಹುಚ್ಚಿರುವೆ ಇನ್ನೂ ಬೀಜ ಎಳೆಯುತ್ತಿದೆ.

ದಕ್ಷಿಣ ಆಫ್ರಿಕಾದ ರಾಷ್ಟ್ರೀಯ ಜೀವವೈವಿಧ್ಯ ಸಂಸ್ಥೆಯವರು 2003ರಲ್ಲಿ ಅಪರೂಪದ ಕಾಡುಹೂಗಳನ್ನು ಕಾಯಲು ಸ್ವಯಂಸೇವಕರ ಬಳಗವೊಂದನ್ನು ಕಟ್ಟಿದರು. ನಿವೃತ್ತರು, ಗೃಹಿಣಿಯರು, ವಿದ್ಯಾರ್ಥಿಗಳು ಯಾರು ಬೇಕಾದರೂ ಸೇರಬಹುದು. ಇಂಥವರಿಗೆ ಕಾಡ್ಗಿಚ್ಚು ಆರಿದ ಬೆಟ್ಟವೇ ಒಳ್ಳೆಯ ಬೆಟ್ಟ. ಮೊದಲ ಮಳೆಗಾಲ ಮುಗಿದ ಮೇಲೆ ಹೊರಡುತ್ತಾರೆ. ಕರಿಕಲಾದ ಕಡ್ಡಿಗಳ ನಡುವೆ, ಎರಡು ದಪ್ಪ ಬೀಜದಳಗಳನ್ನು ಬಿಚ್ಚಿಕೊಂಡು ನಿಂತ ಸಸಿ ಎಲ್ಲೆಲ್ಲಿದೆ ಎಂದು ಹುಡುಕುತ್ತಾರೆ. ಹಳೆಯ ಪಟ್ಟಿಯಲ್ಲಿ ಆ ಇಳಿಜಾರಿನಲ್ಲಿ ಪಗೋಡ ಇತ್ತೆಂದು ಬರೆದಿರುತ್ತದೆ. ಕೆಲವು ಕಡೆ ಮುಂಗೈ ಅಗಲದ ಜಾಗದಲ್ಲಿ ನಾಲ್ಕೈದು ಸಸಿಗಳು ಒಟ್ಟಿಗೆ ಎದ್ದಿರುತ್ತವೆ. ಕೆಳಗೆ ಇರುವೆಯ ಗೂಡು ಇದ್ದ ಗುರುತು ಅದು. ಕೆಲವು ಕಡೆ ಬೂದಿ ಮಾತ್ರ.